ಅರ್ಧ ಹೆಸರಿನ ಹುಳು

ಬೆಂಗಳೂರಿನ ಉತ್ತರ ಭಾಗದಲ್ಲಿ ಓಡಾಡುವವರಿಗೆ ಮೊಟಕು ಹೆಸರುಗಳು ರೂಢಿಯಾಗಿಬಿಟ್ಟಿವೆ. ಯಶವಂತಪುರದ ಎಪಿಎಂಸಿ ಯಾರ್ಡಿನ ಮುಂದೆ ಬಸ್ಸು ಹತ್ತಿದವರು ಮೇಖ್ರಿ ವೃತ್ತ ದಾಟಿ ಬಳ್ಳಾರಿ ರಸ್ತೆ ಹಿಡಿದರೆ ಸಾಕು, ಅಂಥ ಹೆಸರುಗಳು ಒಂದರ ಹಿಂದೊಂದು ಬರುತ್ತವೆ. ಬಲಕ್ಕೆ ಆರ್.ಟಿ. ನಗರ. ಅಲ್ಲಿಯೇ ಹುಟ್ಟಿ ಬೆಳೆದ ಮಕ್ಕಳನ್ನು ಕೇಳಿ ನೋಡಿ, ಆರ್.ಟಿ. ಎಂದರೆ ರವೀಂದ್ರನಾಥ ಟಾಗೋರ್ ಎಂದು ತಟ್ಟನೆ ಹೇಳುವವರು ಎಲ್ಲರೂ ಇರಲಾರರು. ಮುಂದೆ ಜಿ.ಕೆ.ವಿ.ಕೆ. ಅದು ಗಾಂಧಿ ಕೃಷಿ ವಿಜ್ಞಾನ ಕೇಂದ್ರ. ಇವೆರಡರ ನಡುವೆ, ಹೆಬ್ಬಾಳದಲ್ಲಿ, ಎಚ್.ಎ. ಫಾರ್ಮ್ ಎಂಬ ಅಂಚೆ ವಿಳಾಸವಿದೆ. ಹೆಬ್ಬಾಳ್ ಅಗ್ರಿಕಲ್ಚರಲ್ ಫಾರ್ಮ್ ಎಂಬುದು ಅದರ ಪೂರ್ಣ ರೂಪ.

ಮೊಟಕು ಹೆಸರಿನಿಂದ ಟಪಾಲು ತಲುಪುತ್ತದೆ, ಬಸ್ಸೂ ನಿಲ್ಲುತ್ತದೆ. ಆದರೆ ಎಲ್ಲ ಕೆಲಸವೂ ಅದರಿಂದ ನಡೆಯುವುದಿಲ್ಲ. ಇದೇ ಹೆಬ್ಬಾಳದ ವಿಜ್ಞಾನಿಗಳು 2018ರಲ್ಲಿ ಬರೆದ ಒಂದು ವರದಿಯಲ್ಲಿ, ರೈತನಿಗೆ ಉಪಕಾರ ಮಾಡುವ ಪುಟ್ಟ ಹುಳುವೊಂದು ಅರ್ಧ ಹೆಸರಿನಲ್ಲೇ ನಿಂತುಬಿಟ್ಟಿತು. ಆ ಅರ್ಧ ಹೆಸರಿನ ಕಥೆ ಶಾಲೆಯ ಜೀವಶಾಸ್ತ್ರದ ಪಾಠಕ್ಕೂ ಸಂಬಂಧಪಟ್ಟದ್ದು, ಮನೆಯ ಹಿತ್ತಿಲಿಗೂ ಸಂಬಂಧಪಟ್ಟದ್ದು.

ಕಲ್ಲಿನಲ್ಲಿ ಉಳಿದ ಹೆಸರು

ಹೆಬ್ಬಾಳ ಎಂದರೆ ಇಂದಿನವರ ಕಣ್ಣಿಗೆ ಮೊದಲು ಕಾಣುವುದು ಮೇಲ್ಸೇತುವೆ, ಅದರ ಮೇಲೆ ಸಾಲುಗಟ್ಟಿದ ವಾಹನಗಳು, ಪಕ್ಕದಲ್ಲಿ ಕೆರೆ. ಊರು ಮಾತ್ರ ಬಹಳ ಹಳೆಯದು. 2018ರಲ್ಲಿ ಇಲ್ಲಿ ನೆಲ ಅಗೆಯುತ್ತಿದ್ದಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ದೊರೆ ಶ್ರೀಪುರುಷನ ಕಾಲದ, ಕ್ರಿ.ಶ. 750ರ ಸುಮಾರಿನ ಶಾಸನ ಅದರ ಮೇಲಿದೆ. ಬೆಂಗಳೂರಿನಲ್ಲಿ ದೊರೆತ ಅತಿ ಹಳೆಯ ಕನ್ನಡ ಶಾಸನಗಳಲ್ಲಿ ಅದೂ ಒಂದು. ಹೋರಾಡಿ ಮಡಿದ ಕಿತ್ತಯ್ಯನೆಂಬ ವೀರನ ಹೆಸರು ಅದರಲ್ಲಿದೆ. ಪೆರ್ಬೊಳಲ್ ನಾಡು ಎಂಬ ಹೆಸರೂ ಇದೆ. ಪೆರ್ ಎಂದರೆ ದೊಡ್ಡದು, ಪೊಳಲ್ ಎಂದರೆ ಊರು. ಹಳಗನ್ನಡದ ಪಾಲು ಹಾಲಾದಂತೆ, ಪೂವು ಹೂವಾದಂತೆ, ಪೆರ್ಬೊಳಲು ಸವೆದು ಹೆಬ್ಬಾಳವಾಯಿತು.

ಇದೇ ರಸ್ತೆಯ ಮುಂದಿನ ಯಲಹಂಕದ್ದೂ ಅದೇ ಕಥೆ. ಚೋಳರ ಕಾಲದ ಶಾಸನಗಳಲ್ಲಿ ಅದು ಇಲೈಪಾಕ್ಕ ನಾಡು. ಕೆಂಪೇಗೌಡರ ವಂಶದವರು ಯಲಹಂಕ ನಾಡಪ್ರಭುಗಳು ಎನ್ನಿಸಿಕೊಳ್ಳುವ ಹೊತ್ತಿಗೆ ಆ ಹೆಸರು ಇಂದಿನ ರೂಪಕ್ಕೆ ಬಂದಿತ್ತು. ಹೆಸರು ಬದಲಾಗಬಹುದು. ಆದರೆ ಹಳೆಯ ಹೆಸರಿಗೆ ಒಂದು ಗಟ್ಟಿ ಸಾಕ್ಷಿ ಎಲ್ಲಾದರೂ ಉಳಿದಿದ್ದರೆ ಈ ಊರು ಅದೇ ಊರು ಎಂದು ಹೇಳಲು ಸಾಧ್ಯ. ಜೀವಿಗಳ ನಾಮಕರಣವೂ ನಿಂತಿರುವುದು ಇದೇ ತತ್ವದ ಮೇಲೆ. ಅಲ್ಲಿ ಶಾಸನದ ಕಲ್ಲಿನ ಬದಲು ಸೂಜಿಗೆ ಚುಚ್ಚಿಟ್ಟ ಒಂದು ಹುಳು ಇರುತ್ತದೆ, ಅಷ್ಟೇ.

ಫಾರ್ಮಿನಿಂದ ಬ್ಯೂರೋವರೆಗೆ

ಹೆಬ್ಬಾಳಕ್ಕೂ ಕೃಷಿ ವಿಜ್ಞಾನಕ್ಕೂ ಇರುವ ನಂಟು 1899ರಷ್ಟು ಹಳೆಯದು. ಆಗ ಮೈಸೂರು ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಪ್ರಾಯೋಗಿಕ ಬೇಸಾಯಕ್ಕೆಂದು ಇಲ್ಲಿ 30 ಎಕರೆ ಜಮೀನು ಕೊಟ್ಟರು. 1908ರಲ್ಲಿ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಸಂಸ್ಥಾನದ ಕೀಟಗಳನ್ನೂ ಬೆಳೆಯ ಶಿಲೀಂಧ್ರ ರೋಗಗಳನ್ನೂ ಅಭ್ಯಾಸ ಮಾಡಲು ಬಂದರು. ಮುಂದೆ ಅವರೇ ಕೃಷಿ ಇಲಾಖೆಯ ನಿರ್ದೇಶಕರಾದರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು, 1946ರಲ್ಲಿ ಕಾಲೇಜು ಬಂತು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಉದ್ಘಾಟನೆಯಾಯಿತು.

ಈ ನೆರೆಹೊರೆಯಲ್ಲೇ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋ ಇದೆ. 1993ರಲ್ಲಿ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯವಾಗಿದ್ದ ಸಂಸ್ಥೆ 2009ರಲ್ಲಿ ಬ್ಯೂರೋ ಆಯಿತು. 2014ರಲ್ಲಿ ಅದಕ್ಕೆ ಈಗಿನ ಹೆಸರು ಬಂತು. ಬ್ಯಾಂಕಿನಲ್ಲಿ ಒಡವೆ ಇಟ್ಟ ಹಾಗೆ ಇಲ್ಲಿ ಕೀಟಗಳನ್ನು ಇಡುತ್ತಾರೆ. ಗಾಜಿನ ಮುಚ್ಚಳದ ಪೆಟ್ಟಿಗೆಗಳಲ್ಲಿ ಸೂಜಿಯ ಮೇಲೆ ಒಣಗಿದ ಕೀಟ, ಅದರ ಕೆಳಗೆ ಬೆರಳುಗುರಿನಷ್ಟು ಚೀಟಿ. ಆ ಚೀಟಿಯಲ್ಲಿ ಊರು, ಜಿಲ್ಲೆ, ದಿನಾಂಕ, ಯಾವ ಗಿಡದ ಮೇಲೆ ಸಿಕ್ಕಿತು, ಹಿಡಿದವರು ಯಾರು ಎಂಬ ವಿವರ. ಚೀಟಿಯಿಲ್ಲದ ಕೀಟ ವಿಳಾಸವಿಲ್ಲದ ಲಕೋಟೆಯಂತೆ, ಎಷ್ಟು ಚೆಂದವಿದ್ದರೂ ಪ್ರಯೋಜನ ಕಡಿಮೆ.

ಸೈನಿಕ ಹುಳು ಬಂದ ವರ್ಷ

ವೀರಗಲ್ಲು ಸಿಕ್ಕ 2018ರಲ್ಲೇ ಕರ್ನಾಟಕಕ್ಕೆ ಒಬ್ಬ ಅನಪೇಕ್ಷಿತ ಅತಿಥಿಯೂ ಬಂದ. ಅಮೆರಿಕ ಖಂಡದ ಮೂಲದ, 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿದ್ದ ಫಾಲ್ ಸೈನಿಕ ಹುಳು ಆ ವರ್ಷದ ಮೇ ತಿಂಗಳಲ್ಲಿ ಶಿವಮೊಗ್ಗ ಭಾಗದ ಮೆಕ್ಕೆಜೋಳದ ಹೊಲಗಳಲ್ಲಿ ಪತ್ತೆಯಾಯಿತು. ಭಾರತದಲ್ಲಿ ಅದು ಮೊದಲು ಕಂಡದ್ದು ನಮ್ಮ ರಾಜ್ಯದಲ್ಲೇ. ಮರಿಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ವೈ ಅಕ್ಷರದಂಥ ಗುರುತು, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಜೋಳದ ಸುಳಿಯೊಳಗೆ ಕುಳಿತು ಅದು ಎಳೆ ಎಲೆಗಳನ್ನು ತಿಂದು ಜರಡಿಯಂತೆ ಮಾಡುತ್ತದೆ.

ಹೆಬ್ಬಾಳದ ಬ್ಯೂರೋದ ವಿಜ್ಞಾನಿಗಳು ಚಿಕ್ಕಬಳ್ಳಾಪುರ, ಹಾಸನ, ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹೊಲಗಳನ್ನು ಸುತ್ತಿದರು. ಬಸ್ಸಿನ ಕಿಟಕಿಯಿಂದ ಕಾಣುವ ಇದೇ ಬಳ್ಳಾರಿ ರಸ್ತೆ ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರಕ್ಕೆ ಹೋಗುತ್ತದೆ. ಪೀಡೆಯನ್ನು ನೋಡುವುದಷ್ಟೇ ಅವರ ಕೆಲಸವಾಗಿರಲಿಲ್ಲ. ಪರದೇಶದಿಂದ ಬಂದ ಹುಳುವನ್ನು ತಿನ್ನುವ ನಾಡಿನ ಜೀವಿಗಳು ಯಾವುವಾದರೂ ಇವೆಯೇ ಎಂದು ಹುಡುಕುವುದೂ ಆಗಿತ್ತು.

ಅದೇ ವರ್ಷ ಪ್ರಕಟವಾದ ವರದಿಯಲ್ಲಿ ಅಂಥ ಮಿತ್ರರ ಪಟ್ಟಿ ಇದೆ. ಮೊಟ್ಟೆಯ ಮೇಲೆ ಬದುಕುವ ಅತಿ ಸಣ್ಣ ಕಣಜಗಳು, ಮರಿಹುಳುವಿನೊಳಗೆ ಬೆಳೆಯುವ ಕಣಜಗಳು, ಹುಳುವಿಗೆ ರೋಗ ತರುವ ಒಂದು ಶಿಲೀಂಧ್ರ, ಇವುಗಳ ಜೊತೆಗೆ ಹಿಂಬದಿಯಲ್ಲಿ ಇಕ್ಕಳವಿರುವ ಒಂದು ಹುಳು. ಅದರ ಹೆಸರನ್ನು 'ಫೋರ್ಫಿಕ್ಯುಲಾ ಎಸ್‌ಪಿ.' ಎಂದು ಬರೆದು, ಫೋರ್ಫಿಕ್ಯುಲಿಡೇ ಕುಟುಂಬ ಎಂದು ಸೇರಿಸಿದ್ದರು. ಎಸ್‌ಪಿ. ಎಂದರೆ ಇಲ್ಲಿ ಪೊಲೀಸ್ ಅಧಿಕಾರಿಯಲ್ಲ, ಸ್ಪೀಶೀಸ್ ಎಂಬುದರ ಮೊಟಕು ರೂಪ. ಗಣ ಗೊತ್ತು, ಕುಟುಂಬ ಗೊತ್ತು, ಜಾತಿಯೂ ಗೊತ್ತು, ಪ್ರಭೇದ ಯಾವುದೆಂದು ಇನ್ನೂ ನಿಶ್ಚಯವಾಗಿಲ್ಲ ಎಂದು ಅದರ ಅರ್ಥ. ಮನೆತನ ತಿಳಿದಿದೆ, ಮನುಷ್ಯನ ಹೆಸರು ತಿಳಿದಿಲ್ಲ ಎಂದ ಹಾಗೆ.

ಕತ್ತರಿಯ ಕುಟುಂಬ

ಈ ಹುಳುವನ್ನು ನೋಡಲು ಚಿಕ್ಕಬಳ್ಳಾಪುರದವರೆಗೆ ಹೋಗಬೇಕಾಗಿಲ್ಲ. ಮಳೆ ಬಂದ ಮರುದಿನ ಯಲಹಂಕದ ಯಾವುದೇ ಮನೆಯ ಹಿತ್ತಿಲಲ್ಲಿ ಹೂಕುಂಡವನ್ನೋ ತೇವದ ಇಟ್ಟಿಗೆಯನ್ನೋ ಎತ್ತಿದರೆ ಇದರ ಬಂಧುವೊಂದು ಓಡುವುದು ಕಾಣಬಹುದು. ಕಂದು ಅಥವಾ ಕಪ್ಪು ಬಣ್ಣ, ಚಪ್ಪಟೆಯಾದ ಉದ್ದ ಮೈ, ತುದಿಯಲ್ಲಿ ಅಕ್ಕಸಾಲಿಗನ ಇಕ್ಕಳದಂಥ ಎರಡು ಕೊಂಡಿ. ಇಂಗ್ಲಿಷಿನಲ್ಲಿ ಇದನ್ನು ಇಯರ್‌ವಿಗ್ ಎನ್ನುತ್ತಾರೆ, ಕಿವಿಯ ಹುಳು ಎಂದು ಅರ್ಥ. ಮಲಗಿದವರ ಕಿವಿಗೆ ನುಗ್ಗುತ್ತದೆ ಎಂಬ ಭಯ ಯೂರೋಪಿನಲ್ಲಿ ಹಳೆಯದು, ನಮ್ಮ ಅಜ್ಜಿಯರು ಜರಿಯ ಬಗ್ಗೆ ಹೆದರಿಸುವ ಹಾಗೆ. ಕಿವಿಯಲ್ಲಿ ಮನೆ ಮಾಡುವ ಆಸೆ ಈ ಹುಳುವಿಗಿಲ್ಲ. ಅದಕ್ಕೆ ಬೇಕಾದದ್ದು ಕತ್ತಲು, ತೇವ ಮತ್ತು ಇಕ್ಕಟ್ಟಾದ ಸಂದು. ಹೆಣ್ಣು ಮೊಟ್ಟೆಗಳನ್ನು ಬಿಟ್ಟು ಕದಲುವುದಿಲ್ಲ. ಬೂಷ್ಟು ಹಿಡಿಯದಂತೆ ಒಂದೊಂದನ್ನೂ ನೆಕ್ಕಿ ಶುಚಿ ಮಾಡುತ್ತದೆ, ಮರಿಗಳಾದ ಮೇಲೂ ಕೆಲವು ದಿನ ಕಾಯುತ್ತದೆ. ಕೀಟಗಳಲ್ಲಿ ಇಂಥ ತಾಯ್ತನ ಅಪರೂಪ.

ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಯೂರೋಪಿನ ಹುಳುವಿಗೆ ಫೋರ್ಫಿಕ್ಯುಲಾ ಆರಿಕ್ಯುಲೇರಿಯಾ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಫೋರ್ಫಿಕ್ಯುಲಾ ಎಂದರೆ ಪುಟ್ಟ ಕತ್ತರಿ, ಆರಿಕ್ಯುಲೇರಿಯಾ ಎಂದರೆ ಕಿವಿಗೆ ಸಂಬಂಧಿಸಿದ್ದು. ಆದರೆ ಮಹಾಪಂಡಿತನೂ ತಪ್ಪುತ್ತಾನೆ. ಗಿಡ್ಡ ರೆಕ್ಕೆಕವಚ ನೋಡಿ ಅವನು ಇದನ್ನು ಜೀರುಂಡೆಗಳ ಗಣಕ್ಕೆ ಸೇರಿಸಿಬಿಟ್ಟಿದ್ದ. 1773ರಲ್ಲಿ ಅದೇ ದೇಶದ ಡಿ ಗೀರ್ ಎಂಬಾತ ಡರ್ಮಾಪ್ಟೆರಾ ಎಂಬ ಹೆಸರು ತಂದ. ಗ್ರೀಕಿನಲ್ಲಿ ಡರ್ಮಾ ಎಂದರೆ ಚರ್ಮ, ಪ್ಟೆರಾನ್ ಎಂದರೆ ರೆಕ್ಕೆ. ತೊಗಲಿನಂಥ ಆ ಕವಚದ ಕೆಳಗೆ ಹಿಂದಿನ ರೆಕ್ಕೆ ಬೀಸಣಿಗೆಯಂತೆ ಮಡಿಸಿಕೊಂಡಿರುತ್ತದೆ, ಬಿಚ್ಚಿದರೆ ಹತ್ತು ಪಟ್ಟಿಗೂ ಮಿಕ್ಕಿ ಅಗಲವಾಗುತ್ತದೆ.

ಗಣವೇನೋ ಬಂತು. ಗಣಕ್ಕೂ ಜಾತಿಗೂ ನಡುವಿನ ಕುಟುಂಬ ಎಂಬ ಮೆಟ್ಟಿಲನ್ನು ಕೀಟಶಾಸ್ತ್ರಕ್ಕೆ ತಂದವರಲ್ಲಿ ಮುಖ್ಯನಾದವನು ಫ್ರಾನ್ಸಿನ ಲಾಟ್ರೇಯ್. ಅವನೊಬ್ಬ ಪಾದ್ರಿ. ಫ್ರೆಂಚ್ ಕ್ರಾಂತಿಯ ದಿನಗಳಲ್ಲಿ ಅವನನ್ನು ಬೋರ್ಡೋ ನಗರದ ಸೆರೆಮನೆಗೆ ಹಾಕಿದರು. ಅಲ್ಲಿ ನೆಲದ ಮೇಲೆ ಕಂಡ ಒಂದು ಪುಟ್ಟ ಜೀರುಂಡೆಯನ್ನು ಅವನು ಗುರುತಿಸಿದ, ಅದು ಅಪರೂಪದ್ದೆಂದು ತಪಾಸಣೆಗೆ ಬಂದ ವೈದ್ಯನಿಗೆ ಹೇಳಿದ. ಆ ಜೀರುಂಡೆ ಕೈಯಿಂದ ಕೈಗೆ ಸಾಗಿ ನಗರದ ನಿಸರ್ಗಪ್ರಿಯರನ್ನು ತಲುಪಿತು. ಅವರ ಪ್ರಯತ್ನದಿಂದ ಲಾಟ್ರೇಯ್ ಬಿಡುಗಡೆಯಾದ. ಜೊತೆಯ ಕೈದಿಗಳು ಉಳಿಯಲಿಲ್ಲ. ಹುಳುವಿನ ಹೆಸರು ತಿಳಿದಿದ್ದರಿಂದಲೇ ಜೀವ ಉಳಿಸಿಕೊಂಡ ಆ ಮನುಷ್ಯನ ಹೆಸರಿನಲ್ಲೇ, 1810ರ ತಾರೀಕಿನೊಂದಿಗೆ, ಫೋರ್ಫಿಕ್ಯುಲಿಡೇ ಕುಟುಂಬ ದಾಖಲಾಗಿದೆ.

ಕುಟುಂಬದ ಹೆಸರು ಕಟ್ಟುವ ನಿಯಮ ಸುಲಭ. ಕುಟುಂಬದ ಮಾದರಿಯಾಗಿ ಒಂದು ಜಾತಿಯನ್ನು ಆರಿಸಿ, ಅದರ ಹೆಸರಿನ ಮೂಲರೂಪಕ್ಕೆ 'ಇಡೇ' ಎಂಬ ಪ್ರತ್ಯಯ ಹಚ್ಚಬೇಕು. ಫೋರ್ಫಿಕ್ಯುಲಾದಿಂದ ಫೋರ್ಫಿಕ್ಯುಲಿಡೇ. ಪ್ರಾಣಿಗಳ ಯಾವುದೇ ಕುಟುಂಬಕ್ಕೂ ಈಗ ಇದೇ ಕಟ್ಟಳೆ. ಬೆಕ್ಕು ಹುಲಿಗಳದು ಫೆಲಿಡೇ, ನಾಯಿ ನರಿಗಳದು ಕ್ಯಾನಿಡೇ. ಪ್ರಾಣಿಗಳ ವರ್ಗೀಕರಣದಲ್ಲಿ ಹೆಸರಿನ ಕೊನೆಯಲ್ಲಿ 'ಇಡೇ' ಕಂಡರೆ ಅದು ಕುಟುಂಬವೆಂದು ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಧೈರ್ಯವಾಗಿ ಬರೆಯಬಹುದು.

ಹೆಸರು ಕಟ್ಟುವುದು ಸುಲಭ, ಗುರುತಿಸುವುದು ಕಷ್ಟ. ಫೋರ್ಫಿಕ್ಯುಲಿಡೇ ಕುಟುಂಬದ ಗುರುತು ಪಾದದಲ್ಲಿದೆ. ಈ ಹುಳುಗಳ ಪಾದಕ್ಕೆ ಮೂರು ಗೆಣ್ಣು. ಎರಡನೆಯ ಗೆಣ್ಣು ಅಗಲವಾಗಿ, ಮೂರನೆಯದರ ಕೆಳಗೆ ಚಾಚಿಕೊಂಡಿದ್ದರೆ ಅದು ಕತ್ತರಿಯ ಕುಟುಂಬ. ಹಿತ್ತಿಲಿನ ಕುಂಡದ ಕೆಳಗೆ ಸಿಗುವ ಕಪ್ಪು, ರೆಕ್ಕೆಯಿಲ್ಲದ, ಕಾಲಿಗೆ ಪಟ್ಟೆಯಿರುವ ಯೂಬೊರೆಲಿಯಾ ಆನ್ಯುಲಿಪೆಸ್ ಬೇರೆ ಕುಟುಂಬದ್ದು. ಅದು ಅನಿಸೊಲಾಬಿಡಿಡೇ. ಅನಿಸೊ ಎಂದರೆ ಅಸಮ, ಲಾಬಿಸ್ ಎಂದರೆ ಇಕ್ಕಳ. ಆ ಕುಟುಂಬದ ಗಂಡುಗಳ ಇಕ್ಕಳದ ಎರಡು ಕಡ್ಡಿಗಳು ಸಾಮಾನ್ಯವಾಗಿ ಒಂದೇ ಸಮ ಬಾಗಿರುವುದಿಲ್ಲ. ಒಳ್ಳೆಯ ಭೂತಗನ್ನಡಿ, ತಾಳ್ಮೆ ಮತ್ತು ಹಗಲಿನ ಬೆಳಕು ಇದ್ದರೆ ಹೈಸ್ಕೂಲು ವಿದ್ಯಾರ್ಥಿಯೂ ಇಷ್ಟರ ಮಟ್ಟಿಗೆ ಹೋಗಬಹುದು.

ವೈರಿಗೆ ಪೂರ್ಣ, ಮಿತ್ರನಿಗೆ ಅರ್ಧ

ಫಾಲ್ ಸೈನಿಕ ಹುಳುವಿನ ಶಾಸ್ತ್ರೀಯ ಹೆಸರು ಸ್ಪೊಡಾಪ್ಟೆರಾ ಫ್ರೂಜಿಪರ್ಡಾ. ಫಸಲು ಕಳೆಯುವುದು ಎಂಬ ಭಾವ ಅದರಲ್ಲಿದೆ. ಆ ಹೆಸರು 1797ರಷ್ಟು ಹಳೆಯದು, ಇಟ್ಟವನು ಜೇಮ್ಸ್ ಎಡ್ವರ್ಡ್ ಸ್ಮಿತ್. ಲಿನೇಯಸ್ ಕೂಡಿಟ್ಟಿದ್ದ ಗಿಡ, ಕೀಟ, ಪುಸ್ತಕಗಳನ್ನೆಲ್ಲ 1784ರಲ್ಲಿ ಕೊಂಡು ಲಂಡನ್ನಿಗೆ ತರಿಸಿದವನೂ ಇವನೇ. ಹೆಸರು ಖಚಿತವಾಗಿದ್ದರಿಂದ 2018ರಲ್ಲಿ ನಮ್ಮವರಿಗೆ ದೊಡ್ಡ ಉಪಕಾರವಾಯಿತು. ಇದು ಅದೇ ಹುಳು ಎಂದು ಗೊತ್ತಾದ ಕ್ಷಣ, ಅಮೆರಿಕ ಮತ್ತು ಆಫ್ರಿಕಾದಲ್ಲಿ ಅದರ ಬಗ್ಗೆ ಬರೆದದ್ದೆಲ್ಲ, ಎಷ್ಟು ಮೊಟ್ಟೆ ಇಡುತ್ತದೆ, ಎಷ್ಟು ದೂರ ಹಾರುತ್ತದೆ, ಯಾವ ಬೆಳೆ ತಿನ್ನುತ್ತದೆ ಎಂಬ ತಿಳಿವಳಿಕೆಯೆಲ್ಲ, ಒಮ್ಮೆಗೇ ಕೈಗೆ ಬಂತು. ಹೆಸರು ಒಂದು ಬೀಗದ ಕೈ, ಅದನ್ನು ತಿರುಗಿಸಿದರೆ ಕಪಾಟು ತೆರೆಯುತ್ತದೆ.

ಮಿತ್ರನಿಗೂ ಅದೇ ನ್ಯಾಯ. ಬ್ರೆಜಿಲ್ ದೇಶದ ಜೋಳದ ಹೊಲಗಳಲ್ಲಿ ಡೋರು ಲೂಟಿಪೆಸ್ ಎಂಬ ಇಕ್ಕಳದ ಹುಳುವಿದೆ, ಅದೂ ಫೋರ್ಫಿಕ್ಯುಲಿಡೇ ಕುಟುಂಬದ್ದೇ. ಸೈನಿಕ ಹುಳುವಿನ ಮೊಟ್ಟೆಗಳನ್ನೂ ಎಳೆಯ ಮರಿಗಳನ್ನೂ ಅದು ತಿನ್ನುತ್ತದೆ. ಅದರ ಪೂರ್ಣ ಹೆಸರು 1876ರಿಂದಲೇ ಇರುವುದರಿಂದ ಒಬ್ಬ ಸಂಶೋಧಕ ಕಂಡದ್ದನ್ನು ಇನ್ನೊಬ್ಬ ಮುಂದುವರಿಸಲು ಸಾಧ್ಯವಾಯಿತು. ಯಾವ ಔಷಧಿ ಹೊಡೆದರೆ ಅದಕ್ಕೆ ಅಪಾಯ ಎಂಬುದನ್ನೂ ಪರೀಕ್ಷಿಸಿದರು. ಕರ್ನಾಟಕದ ಹುಳುವಿನ ಹೆಸರು 'ಎಸ್‌ಪಿ.' ಎಂದಷ್ಟೇ ಇದ್ದರೆ ಚಿಕ್ಕಬಳ್ಳಾಪುರದ ಹುಳುವೂ ದಾವಣಗೆರೆಯ ಹುಳುವೂ ಒಂದೇ ಪ್ರಭೇದವೋ ಬೇರೆಯೋ ಹೇಳಲಾಗದು. ಒಂದು ಕಡೆ ಕಂಡ ಗುಣವನ್ನು ಇನ್ನೊಂದು ಕಡೆ ನಂಬಲಾಗದು. ಸುಳಿಗೆ ಔಷಧಿ ಸುರಿಯುವ ರೈತ, ಅಲ್ಲೇ ಅಡಗಿರುವ ತನ್ನ ಕಾವಲುಗಾರನನ್ನೂ ವೈರಿಯೊಂದಿಗೇ ಕೊಲ್ಲಬಹುದು.

'ಎಸ್‌ಪಿ.' ಎಂದು ಬರೆದದ್ದು ವಿಜ್ಞಾನಿಗಳ ಸೋಮಾರಿತನವಲ್ಲ, ಅದು ಪ್ರಾಮಾಣಿಕತೆ. ಖಚಿತವಿಲ್ಲದ ಹೆಸರು ಬರೆಯುವುದಕ್ಕಿಂತ ಅರ್ಧ ಹೆಸರು ಮೇಲು. ಅದು ಹೊಸ ಪ್ರಭೇದ ಎಂದೂ ಅದರ ಅರ್ಥವಲ್ಲ. ಎಂದೋ ಯಾರೋ ಹೆಸರಿಟ್ಟು ಪುಸ್ತಕದಲ್ಲಿ ಬರೆದಿರಬಹುದು, ಹೊಲದ ಹುಳುವನ್ನೂ ಪುಸ್ತಕದ ಹೆಸರನ್ನೂ ಕೂಡಿಸಿ ನೋಡುವ ಕೆಲಸ ಉಳಿದಿರುತ್ತದೆ. ಈ ಗಣದಲ್ಲಿ ಆ ಕೆಲಸ ಸಲೀಸಲ್ಲ. ಪ್ರಭೇದ ಹೇಳಲು ಹೆಚ್ಚಾಗಿ ಬೆಳೆದ ಗಂಡು ಬೇಕು, ಅದರ ಇಕ್ಕಳದ ಬಾಗು, ಹಲ್ಲು, ಒಳಗಿನ ಅಂಗರಚನೆ ನೋಡಬೇಕು. ಹೆಣ್ಣುಗಳ ಇಕ್ಕಳ ನೇರವಾಗಿ ಒಂದರಂತೆ ಒಂದಿರುತ್ತದೆ, ಮರಿಗಳದಂತೂ ಕೇಳುವುದೇ ಬೇಡ. ಲಿನೇಯಸ್ ಹೆಸರಿಟ್ಟ ಯೂರೋಪಿನ ಹುಳುವೇ ಒಂದಲ್ಲ, ಹಲವು ಪ್ರಭೇದಗಳ ಗುಂಪು ಎಂದು ಡಿಎನ್‌ಎ ಪರೀಕ್ಷೆ ತೋರಿಸಿಕೊಟ್ಟಿದೆ. 2020ರಲ್ಲಿ ಅವನ್ನು ಬಿಡಿಸಿ ಹೆಸರಿಸಿದರು. ಜಗತ್ತಿನಲ್ಲಿ ಸುಮಾರು 2,000 ಇಕ್ಕಳದ ಪ್ರಭೇದಗಳು ದಾಖಲಾಗಿವೆ. ಭಾರತದವುಗಳ ಬಗ್ಗೆ ಮಾಲ್ಕಮ್ ಬರ್ 1910ರಲ್ಲಿ ಗ್ರಂಥ ಬರೆದ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಜಿ.ಕೆ. ಶ್ರೀವಾಸ್ತವ ಅವರ ಗ್ರಂಥದ ಮೊದಲ ಭಾಗ ಬಂದದ್ದು 1988ರಲ್ಲಿ, ಎರಡನೆಯದು 2003ರಲ್ಲಿ. ನಡುವಿನ ವರ್ಷಗಳನ್ನು ಎಣಿಸಿದರೆ ಈ ಕೆಲಸಕ್ಕೆ ಕೂರುವ ಕೈಗಳು ಎಷ್ಟು ಕಡಿಮೆ ಎಂಬುದು ತಿಳಿಯುತ್ತದೆ.

ಹೆಸರಿಡುವವರ ದಾರಿ

ಬಸ್ಸು ಹೆಬ್ಬಾಳ ಬಿಟ್ಟು ಮುಂದೆ ಹೋದರೆ ಎಡಕ್ಕೆ ಜಿ.ಕೆ.ವಿ.ಕೆ.ಯ ಮರಗಳ ಸಾಲು. ಇಲ್ಲಿ ಸಿ.ಎ. ವಿರಕ್ತಮಠ ಅವರು ದಶಕಗಳ ಕಾಲ ಜಿಗಿಹುಳುಗಳ ವರ್ಗೀಕರಣದಲ್ಲಿ ತೊಡಗಿದ್ದರು. ಮಾವಿನ ಹೂವಿನ ರಸ ಹೀರುವ ಜಿಗಿಹುಳುಗಳು ಬರಿಗಣ್ಣಿಗೆ ಎಲ್ಲ ಒಂದೇ. ಅವುಗಳಲ್ಲಿ ಒಂದನ್ನು 1976ರಲ್ಲಿ ಬೇರ್ಪಡಿಸಿ ಹೆಸರಿಟ್ಟವರು ಅವರು. ಇನ್ನೂ ಮುಂದೆ ಬಲಕ್ಕೆ ಜಕ್ಕೂರು. ಅಲ್ಲಿನ ಏಟ್ರೀ ಸಂಸ್ಥೆಯ ಸಂಶೋಧಕರು ಅರುಣಾಚಲ ಪ್ರದೇಶದ ಸಿಯಾಂಗ್ ಕಣಿವೆಯಲ್ಲಿ ಸಿಕ್ಕ ನೀಲಿ ಬಣ್ಣದ ಇರುವೆಯನ್ನು ಇತರರೊಡನೆ ಸೇರಿ 2024ರಲ್ಲಿ ಹೆಸರಿಸಿದರು. ಅದಕ್ಕೆ ಪ್ಯಾರಾಪ್ಯಾರಾಟ್ರೆಕಿನಾ ನೀಲಾ ಎಂದು ಹೆಸರು. ಮೊದಲ ಭಾಗ ನಾಲಿಗೆ ತಿರುಗದಷ್ಟು ಕಷ್ಟ, ಎರಡನೆಯದು ಅಂಗನವಾಡಿಯ ಮಗುವಿಗೂ ಅರ್ಥವಾಗುತ್ತದೆ. ಶಾಸ್ತ್ರೀಯ ಹೆಸರೆಂದರೆ ಪರದೇಶದ ಸೊತ್ತು ಎಂದುಕೊಳ್ಳಬೇಕಾಗಿಲ್ಲ, ಹೆಸರಿಡಲು ಕುಳಿತವರ ಭಾಷೆ ಅಲ್ಲಿ ನುಸುಳುತ್ತದೆ.

ಪ್ರತಿವರ್ಷ ಜಿ.ಕೆ.ವಿ.ಕೆ.ಯಲ್ಲಿ ನಡೆಯುವ ಕೃಷಿ ಮೇಳಕ್ಕೆ ರೈತರೊಂದಿಗೆ ನಗರದ ತಂದೆತಾಯಂದಿರೂ ಮಕ್ಕಳ ಕೈಹಿಡಿದು ಬರುತ್ತಾರೆ. ರಾಗಿ, ಸೂರ್ಯಕಾಂತಿಯ ತಾಕುಗಳ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ತಾಕಿನ ಎಲೆಯ ಮೇಲೆ ಕುಳಿತ ಹುಳುವನ್ನು ತೋರಿಸಿ ಮಗು "ಇದೇನಪ್ಪಾ?" ಎಂದು ಕೇಳುತ್ತದೆ. "ಯಾವುದೋ ಹುಳ, ಮುಟ್ಟಬೇಡ, ಬಾ" ಎಂಬ ಉತ್ತರ ತಟ್ಟನೆ ಬಂದುಬಿಡುತ್ತದೆ. ಯಾವುದೋ ಹುಳ ಎಂಬುದೂ ಒಂದು ಬಗೆಯ 'ಎಸ್‌ಪಿ.'ಯೇ. ಆದರೆ ವಿಜ್ಞಾನಿಯ 'ಎಸ್‌ಪಿ.' ಮುಂದಿನ ಹುಡುಕಾಟಕ್ಕೆ ಬಾಗಿಲು ತೆರೆದಿಡುತ್ತದೆ, ಮನೆಯವರ 'ಯಾವುದೋ' ಬಾಗಿಲು ಮುಚ್ಚುತ್ತದೆ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ನೋಡೋಣ ಬಾ" ಎಂದರೆ ಸಾಕು. ಒಂದು ಭೂತಗನ್ನಡಿ, ಒಂದು ನೋಟುಪುಸ್ತಕ, ಅದರಲ್ಲಿ ಕಂಡ ಜಾಗ, ದಿನಾಂಕ, ಗಿಡದ ಹೆಸರು ಮತ್ತು ಪೆನ್ಸಿಲ್ಲಿನ ಒಂದು ಚಿತ್ರ. ಬ್ಯೂರೋದ ಪೆಟ್ಟಿಗೆಯ ಚೀಟಿಯಲ್ಲೂ ಇರುವುದು ಇಷ್ಟೇ ವಿವರ.

ಯಲಹಂಕದಲ್ಲಿ ಬಸ್ಸು ನಿಂತಾಗ ಪಯಣ ಮುಗಿಯುತ್ತದೆ. ಹನ್ನೆರಡೂವರೆ ಶತಮಾನಗಳಿಗೂ ಹಿಂದೆ ಹೆಬ್ಬಾಳದವರು ತಮಗಾಗಿ ಹೋರಾಡಿ ಮಡಿದ ಕಿತ್ತಯ್ಯನ ಹೆಸರನ್ನು ಕಲ್ಲಿನಲ್ಲಿ ಕೊರೆಸಿದರು. ಅದರಿಂದಲೇ ಅವನು ಇಂದಿಗೂ ಯಾರೋ ಒಬ್ಬ ವೀರನಾಗದೆ ಕಿತ್ತಯ್ಯನಾಗಿ ಉಳಿದಿದ್ದಾನೆ. ಜೋಳದ ಸುಳಿಯಲ್ಲಿ ಕಾವಲು ಕುಳಿತ ಹುಳುವಿಗೆ ವೀರಗಲ್ಲು ಬೇಡ. ಅದಕ್ಕೆ ಬೇಕಾದದ್ದು ಒಂದು ಸೂಜಿ, ಒಂದು ಚೀಟಿ, ಅದರ ಪಾದದ ಗೆಣ್ಣನ್ನೂ ಇಕ್ಕಳದ ಬಾಗನ್ನೂ ತಾಳ್ಮೆಯಿಂದ ನೋಡುವ ಒಂದು ಜೊತೆ ಕಣ್ಣು. ಆ ಕಣ್ಣು ಈಗ ಉತ್ತರ ಬೆಂಗಳೂರಿನ ಯಾವುದೋ ಶಾಲೆಯ ಎಂಟನೆಯ ತರಗತಿಯಲ್ಲಿ ಕುಳಿತು ಕಿಟಕಿಯಾಚೆ ನೋಡುತ್ತಿರಬಹುದು.